ನಿಂದೇ ಕಣವ್ವ

ಬೆಳ್ಳುಳ್ಳಿ, ಅರಿಶಿನ ಒಟ್ಟಿಗೆ ಅರೆಯುವ ವಾಸನೆ ಬಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಹದಿನಾರು ಎಂಬ ಊರಿನ ನಮ್ಮ ಮನೆಯ ಹಿತ್ತಲು, ಬಚ್ಚಲ ಪಕ್ಕ ಕವುಚಿಟ್ಟ ಬಿದಿರಿನ ಮಂಕರಿ, ಅದರೊಳಗೆ ಕತ್ತು ತಿರುಚಿಕೊಂಡು ಬಿದ್ದಿದ್ದ ನನ್ನ ಕೋಳಿ ಕೆಂಚಿ, ಎಲ್ಲ ಕಣ್ಮುಂದೆ ಬರುತ್ತವೆ. ಆ ಮನೆಯನ್ನು ಕೆಡವಿ ಹಿತ್ತಲಿಗೆಲ್ಲ ಕಾಂಕ್ರೀಟು ಹಾಕಿಯಾಗಿದೆ. ಸಿಟ್ಟು ಮಾತ್ರ ಹಾಗೇ ಉಳಿದಿದೆ. ನನಗೆ ಏಳು ವರ್ಷವಿದ್ದಾಗ ಜ್ವರ ಇಳಿಯದೆ ಮಲಗಿದ್ದೆ. ಅಜ್ಜಿ ಒಂದು ಕೆಂಪು ಹೇಂಟೆಮರಿಯನ್ನು ನನ್ನ ತಲೆಯ ಸುತ್ತ ಮೂರು ಸಲ ನಿವಾಳಿಸಿ, "ಇದು ನಿಂದೇ ಕಣವ್ವ" ಅಂದಳು. ನನ್ನನ್ನೂ ಅವಳು ಅವ್ವ ಎಂದೇ ಕರೆಯುತ್ತಿದ್ದಳು. ಕೋಳಿ ನನ್ನದೆಂದುಕೊಂಡೆ. ಹೆಸರಿಟ್ಟೆ, ನನ್ನ ತಟ್ಟೆಯ ಮುದ್ದೆಯಲ್ಲಿ ದಿನಾ ಪಾಲು ಕೊಟ್ಟೆ.

ಮುಂದಿನ ಬೇಸಿಗೆಗೆ ಊರಿನ ಕೋಳಿಗಳಿಗೆಲ್ಲ ಕೊಕ್ಕರೆ ರೋಗ ಬಂತು. ಕೆಂಚಿಯ ಕಾಲು ಸ್ವಾಧೀನ ತಪ್ಪಿತು, ಉಸಿರಿಗೆ ಒದ್ದಾಡಿತು. ಅಜ್ಜಿ ಬೆಳ್ಳುಳ್ಳಿ ಅರಿಶಿನ ಅರೆದು ಬಾಯಿಗಿಟ್ಟರೆ ಒಳಗೆ ಇಳಿಯಲಿಲ್ಲ. ದನದ ಡಾಕ್ಟರನ್ನು ಕೇಳಿಕೊಂಡು ಬಂದ ಚಿಕ್ಕಪ್ಪ, "ಇದು ಬದ್ಕಲ್ವಂತೆ. ನರಳ್ಸೋದ್ಯಾಕೆ, ಒಂದೇ ಏಟ್ಗೆ ಮುಗಿಸ್ಬುಡ್ತೀನಿ" ಅಂದ.

ಅಜ್ಜಿ ಮಂಕರಿ ಬಿಟ್ಟು ಕದಲಲಿಲ್ಲ. "ಅರಕೆ ಕೋಳಿ ಕಣ್ಲಾ. ಮಾರಿ ಅಬ್ಬಕ್ಕೆ ಮುಂಚೆ ಕೈ ಆಕ್ಬಾರ್ದು."

"ನೀನೇ ನಂದು ಅಂದಿದ್ಯಲ್ಲ. ಈಗ ನಾನೇ ಯೋಳ್ತಿವ್ನಿ, ಮುಗಿಸ್ಲಿ ಬುಡು" ಎಂದು ನಾನು ಅಳತೊಡಗಿದೆ.

"ನಿಂಗಲ್ಲ ಕಣವ್ವ ಯೋಳಿದ್ದು, ಮಾರವ್ವಂಗೆ. ಈಗ ಮುಟ್ಟುದ್ರೆ ನಿನ್ ಜರ ತಿರ್ಗಾ ಬತ್ತದೆ."

ಎರಡು ದಿನ ಹಾಗೇ ಕಳೆಯಿತು. ಹನಿ ನೀರು ಬಿಟ್ಟರೂ ಕೊಕ್ಕಿನಿಂದ ಆಚೆ ಸೋರುತ್ತಿತ್ತು. ದೊಡ್ಡವರೆಲ್ಲ ಮಂಕರಿಯಿಂದ ದೂರ ಸರಿದು ಓಡಾಡಿದರು. ನಾನು ಹಲ್ಲು ಕಚ್ಚಿ ಅದರ ಪಕ್ಕದಲ್ಲೇ ಕೂತೆ, ಅಜ್ಜಿಯ ಜೊತೆ ಮಾತು ಬಿಟ್ಟೆ. ಮೂರನೆಯ ಬೆಳಿಗ್ಗೆ ಅವಳು ಕೆಂಚಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಮಾರಿಗುಡಿಯ ದಿಕ್ಕಿಗೆ ತಿರುಗಿದಳು. "ತಪ್ಪು ನಂಗಿರ್ಲಿ ಕಣವ್ವ, ಮಗೀಗೆ ಬ್ಯಾಡ" ಎಂದು ಕೋಳಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು. ಕ್ಷಣದಲ್ಲಿ ಮುಗಿಯಿತು. ಸಾರು ಮಾಡಲಿಲ್ಲ, ತಿಪ್ಪೆಗೂ ಎಸೆಯಲಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಆ ಮಾತನ್ನು ಎರಡು ದಿನ ಮೊದಲೇ ಆಡಲು ಏನಾಗಿತ್ತು ಎಂದು ಇವತ್ತಿಗೂ ಕೇಳಬೇಕೆನಿಸುತ್ತದೆ.

ಆಮೇಲೆ ತನಗೆ ಜ್ವರ ಬಂದಾಗಲೆಲ್ಲ ಅಜ್ಜಿ ಮೊದಲು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ತಣ್ಣಗಿದ್ದರೆ, "ನಂಗೇ ಬಂತು ಬುಡು" ಎಂದು ನೆಮ್ಮದಿಯಾಗಿ ಹೊದ್ದುಕೊಂಡು ಮಲಗುತ್ತಿದ್ದಳು. ಕೊನೆಯ ಜ್ವರದಲ್ಲೂ ಹಾಗೇ ಮಲಗಿದಳು.