ಇಬ್ಬರ ಲೆಕ್ಕದ ಬಿಸಿನೀರು

ತಣ್ಣೀರಿನಲ್ಲಿ ಸ್ನಾನ ಮಾಡುವವರನ್ನು ಕಂಡರೆ ನನಗೆ ಗೌರವವಿದೆ, ಸ್ನೇಹವಿಲ್ಲ. ಅವರು ಸಾಮಾನ್ಯವಾಗಿ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಕಾಫಿಗೆ ಸಕ್ಕರೆ ಬಿಟ್ಟಿರುತ್ತಾರೆ, ಮತ್ತು ಈ ಸಂಗತಿಗಳನ್ನೆಲ್ಲ ಎದುರಿಗೆ ಸಿಕ್ಕವರಿಗೆ ತಿಳಿಸಿಯೇ ಮುಂದೆ ಹೋಗುತ್ತಾರೆ. ನಾನು ಆ ಪಂಗಡದವಳಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ನನಗೆ ಬಿಸಿನೀರು ಬೇಕು. ಸುಡುಸುಡು ಅಲ್ಲ, ಉಗುರುಬೆಚ್ಚಗೂ ಅಲ್ಲ. ಇವೆರಡರ ನಡುವೆ ಹದ ಅಂತ ಒಂದಿದೆಯಲ್ಲ, ಅದು. ಬಕೆಟ್ಟಿನೊಳಗೆ ಕೈ ಅದ್ದಿದಾಗ ಮಾತ್ರ ಗೊತ್ತಾಗುವ ಈ ಹದವನ್ನು ತೋರಿಸುವ ಮೀಟರನ್ನು ಇನ್ನೂ ಯಾರೂ ಮಾಡಿಲ್ಲ.

ಇಂಥ ಸುಖಜೀವಿ ಊರ ನಡುವೆ ಇರಬೇಕಿತ್ತು. ಆದರೆ ನನ್ನ ಮನೆ ಇರುವುದು ಬೋಗಾದಿ ದಾಟಿ ಇನ್ನೂ ಮುಂದೆ, ಮೈಸೂರು ‘ಇಷ್ಟು ಸಾಕು’ ಎಂದು ಕೈಬಿಟ್ಟ ಜಾಗದಲ್ಲಿ. ನಮ್ಮ ಬಡಾವಣೆಗೆ ಕಮಾನು ಬಂದಿದೆ, ರಸ್ತೆ ಬಂದಿದೆ, ಪಾರ್ಕ್ ಎಂಬ ಬೋರ್ಡೂ ಬಂದಿದೆ, ಮನೆಗಳು ಬಂದಿಲ್ಲ. ಸೈಟುಗಳಲ್ಲಿ ಕಲ್ಲು ನೆಟ್ಟು ಹೋದವರು ಹಾಗೇ ಮರೆತಿದ್ದಾರೆ. ನನ್ನ ಮನೆಯ ಕಿಟಕಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಜೋರು ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ. ಕಾವೇರಿ ನೀರಿನ ಪೈಪು ಬರುತ್ತದೆಂದು ಕೇಳುತ್ತಲೇ ಇದ್ದೇವೆ. ಸದ್ಯಕ್ಕೆ ಬಕೆಟ್ಟಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಕಟ್ಟುವ ಬೋರ್‌ವೆಲ್ ಗಡಸು ನೀರು. ಗ್ಯಾಸಿನವರು ಕಮಾನಿನ ತನಕ ಬಂದು ಫೋನ್ ಮಾಡುತ್ತಾರೆ, “ಮೇಡಂ, ಇಲ್ಲಿಗೇ ಬಂದ್ಬುಡಿ” ಅಂತ. ಇಂಥ ಕಡೆ ನೀರು ಕಾಯಿಸಲು ಯಾವ ಸಾಧನ ಒಳ್ಳೆಯದು ಎಂದು ಹುಡುಕಿದ ಕಥೆ ಇದು.

ನಾನು ವಿಜಯನಗರದ ಕಾಲೇಜೊಂದರಲ್ಲಿ ಲೈಬ್ರರಿಯನ್. ಯಾವ ವಿಷಯ ಎದುರಾದರೂ ಇದು ಯಾವ ಕಪಾಟಿಗೆ ಸೇರಿದ್ದು ಎಂಬುದೇ ನನ್ನ ಮೊದಲ ಚಿಂತೆ. ಬಿಸಿನೀರನ್ನು ಎಲ್ಲಿಡುವುದು? ಕಾಯಿಸುವ ವಿಧಾನ ಎಂಜಿನಿಯರಿಂಗಿಗೆ ಹೋಗುತ್ತದೆ. ಮೈಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಆರೋಗ್ಯಕ್ಕೆ. ಬಚ್ಚಲುಮನೆ ಗೃಹವಿಜ್ಞಾನಕ್ಕೆ, ಸ್ನಾನ ಮಾಡದೆ ಒಳಗೆ ಬರಬೇಡ ಎನ್ನುವುದು ಧರ್ಮಕ್ಕೆ. ಇಷ್ಟು ಕಪಾಟು ಸುತ್ತಿ ಬಂದರೂ, ನೀರು ಕಾಯಿಸಿ ಮೀಯುವುದು ಎಷ್ಟು ಜನರ ಕೆಲಸ ಎಂದು ಯಾವ ಪುಸ್ತಕವೂ ಹೇಳಲಿಲ್ಲ. ಅದನ್ನು ಹೇಳಿದ್ದು ಕಂಪನಿಗಳು ಕೊಡುವ ಕೈಪಿಡಿಗಳು.

ಓದುವುದು ನನ್ನ ಚಟ, ಆದ್ದರಿಂದ ಅಂಗಡಿಗಳಿಂದ ತಂದ ಕೈಪಿಡಿಗಳನ್ನು ಕಾದಂಬರಿ ಓದುವಂತೆ ಓದಿದೆ. ಎಲ್ಲದರಲ್ಲೂ ಅದೇ ಪಾತ್ರಗಳು. ಟವೆಲ್ ಹೆಗಲಿಗೆ ಹಾಕಿದ ಅಪ್ಪ, ಟವೆಲ್ ತಲೆಗೆ ಕಟ್ಟಿದ ಅಮ್ಮ, ನಗುತ್ತಿರುವ ಮಗ, ಅವನಿಗಿಂತ ಹೆಚ್ಚು ನಗುತ್ತಿರುವ ಮಗಳು. ಅವರ ಮನೆಯಲ್ಲಿ ಎಂದೂ ಕರೆಂಟು ಹೋದದ್ದಿಲ್ಲ. ಒಬ್ಬಳೇ ನಿಂತು ನೀರು ಕಾಯುವುದನ್ನು ಕಾಯುತ್ತಿರುವ ಹೆಂಗಸಿನ ಚಿತ್ರ ಒಂದರಲ್ಲೂ ಇರಲಿಲ್ಲ.

ಆಮೇಲೆ ನನಗೆ ಒಂದು ವಿಷಯ ಹೊಳೆಯಿತು. ನೀರು ಕಾಯಿಸುವ ಪ್ರತಿಯೊಂದು ಸಾಧನವೂ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂದು ನಂಬಿಕೊಂಡಿದೆ. ಹಂಡೆಯ ಒಲೆ ಇದೆಯಲ್ಲ, ಒಬ್ಬರು ಮೀಯುವಾಗ ಇನ್ನೊಬ್ಬರು ಸೌದೆ ಒಳಗೆ ತಳ್ಳುತ್ತಿರಬೇಕು. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡು ತೀರಾ ಬಡಪಾಯಿ ವಸ್ತು, ಆದರೆ ಅದಕ್ಕೂ “ಸ್ವಿಚ್ ಆಫ್ ಮಾಡಿದ್ಯಾ?” ಎಂದು ಅಡುಗೆಮನೆಯಿಂದ ಕೇಳುವ ಒಂದು ದನಿ ಬೇಕು. ಗ್ಯಾಸ್ ಗೀಸರ್ ನನಗೆ ಇಷ್ಟವಾಗಿತ್ತು. ಕರೆಂಟಿನ ಹಂಗಿಲ್ಲ, ತಕ್ಷಣ ಬಿಸಿ. ಕೊನೆಯ ಪುಟದಲ್ಲಿ ಹೀಗೆ ಬರೆದಿತ್ತು: ಗಾಳಿಯಾಡದ ಕಡೆ ಬಳಸಬೇಡಿ, ತಲೆ ಸುತ್ತಿದರೆ ಕೂಡಲೇ ಮನೆಯವರನ್ನು ಕರೆಯಿರಿ. ನಾನು ಆ ಪುಟ ಮಡಚಿಟ್ಟೆ.

ಸಾದಾ ಕರೆಂಟ್ ಗೀಸರ್ ತಂದರೆ ನಮ್ಮ ವೋಲ್ಟೇಜಿಗೆ ಅದರ ಕೆಂಪು ದೀಪವೇನೋ ಉರಿಯುತ್ತದೆ, ನೀರು ಮಾತ್ರ ತನಗೆ ಏನೂ ಗೊತ್ತೇ ಇಲ್ಲವೆಂಬಂತೆ ಇರುತ್ತದೆ. ಗಡಸು ನೀರು ಒಳಗಿನ ಕಾಯಿಲ್ ಮೇಲೆ ಪದರ ಕಟ್ಟಿ ಇನ್ನಷ್ಟು ಕರೆಂಟು ತಿನ್ನುತ್ತದೆ. ಸುತ್ತಲಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಎಂಬುದೂ ಇದೆ. ಕಡಿಮೆ ಕರೆಂಟಿನಲ್ಲಿ ಬಹಳ ನೀರು. ಅದನ್ನು ನೋಡಲು ಹೋದರೆ ಹಾಸ್ಟೆಲಿಗೆ ಆಗುವಷ್ಟು ದೊಡ್ಡದಾಗಿ ನಿಂತಿತ್ತು. ಕೊನೆಗೆ ಉಳಿದದ್ದು ಸೋಲಾರ್. ನಮ್ಮ ಬಡಾವಣೆಯಲ್ಲಿ ಧಾರಾಳವಾಗಿ ಸಿಗುವುದು ಬಿಸಿಲೊಂದೇ.

ಇಲ್ಲಿ ಅಕ್ಕನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಾನೂ ಅಕ್ಕನೂ ಇಬ್ಬರೂ ಮದುವೆಯಾಗದೆ, ಚರ್ಚಿನ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ಒಟ್ಟಿಗೇ ವಯಸ್ಸಾದವರು. ಆ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಹೂತ ಒಲೆಯಿತ್ತು. ಭಾನುವಾರದ ಪೂಜೆಗೆ ಒದ್ದೆ ತಲೆಯಲ್ಲಿ ಹೋಗಬಾರದೆಂದು ಶನಿವಾರ ಸಂಜೆಯೇ ನಮ್ಮ ತಲೆಸ್ನಾನ. ಇಬ್ಬರಿಗೂ ಮಂಡಿ ಮುಟ್ಟುವ ಕೂದಲು. ಒಬ್ಬಳು ಮಣೆಯ ಮೇಲೆ ಕೂತು ತಲೆ ಬಗ್ಗಿಸಿದರೆ ಇನ್ನೊಬ್ಬಳು ಸೀಗೆಪುಡಿ ಹಾಕಿ ತಿಕ್ಕಿ, ಚೊಂಬಿನಿಂದ ನೀರು ಹಾಕುವುದು. ಕಣ್ಣು ಉರಿಯುತ್ತದೆ ಎಂದು ಅವಳೂ, ನೀರು ಸುಡುತ್ತದೆ ಎಂದು ನಾನೂ ಪ್ರತಿ ಶನಿವಾರ ಜಗಳವಾಡಿದ್ದೇವೆ. ಬೋಗಾದಿಯಾಚೆಯ ಸೈಟನ್ನು ಕೊಂಡವರು ನಾವಿಬ್ಬರೂ. ಮನೆಯ ನಕ್ಷೆಯಲ್ಲಿ ಎರಡು ಕೋಣೆ, ನಡುವೆ ಒಂದು ಬಚ್ಚಲು.

ಗೋಡೆಗಳಿಗೆ ಗಾರೆ ಮೆತ್ತುತ್ತಿದ್ದ ಸಮಯದಲ್ಲಿ ಅಕ್ಕ ತಾನು ಮದುವೆಯಾಗುತ್ತೇನೆ ಎಂದಳು. ಅಷ್ಟು ವಯಸ್ಸಿನಲ್ಲಿ! ವರ ನಮ್ಮ ಚರ್ಚಿನ ಗಾಯನ ತಂಡದವರೇ, ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಒಳ್ಳೆಯ ಮನುಷ್ಯ; ಶ್ರುತಿ ಸ್ವಲ್ಪ ಆಚೀಚೆ. ನಮ್ಮಲ್ಲಿ ಮದುವೆಗೆ ಮುಂಚೆ ಭಾನುವಾರದ ಪೂಜೆಯಲ್ಲಿ ಫಾದರ್ ವಧೂವರರ ಹೆಸರು ಓದಿ, ಈ ಮದುವೆಗೆ ಏನಾದರೂ ಅಡ್ಡಿ ಇರುವುದು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು ಎನ್ನುತ್ತಾರೆ. ಮೂರು ಭಾನುವಾರ ಓದಿದರು. ಅಡ್ಡಿ ಎಂಬುದು ಹೆಂಗಸರ ಸಾಲಿನಲ್ಲಿ, ಸೆರಗು ಹೊದ್ದು, ಅಕ್ಕನ ಪಕ್ಕದಲ್ಲೇ ಕೂತಿತ್ತು. ಅದು ಬಾಯಿಬಿಡಲಿಲ್ಲ. ಮದುವೆಯ ದಿನ ಊಟ ಬಡಿಸಲು ಮುಂದೆ ನಿಂತು ಓಡಾಡಿದ್ದೂ ಅದೇ.

ಅಕ್ಕ ಮಂಡಕಳ್ಳಿಗೆ ಹೋದಳು. ವಿಮಾನ ನಿಲ್ದಾಣದ ಹತ್ತಿರ ಭಾವನ ಮನೆ. ಅದೇ ಊರು ಎನ್ನಬಹುದು, ಆದರೆ ನಾನು ಪಡುವಣದ ತುದಿ, ಅವಳು ತೆಂಕಣದ ತುದಿ. ನಡುವೆ ಇಡೀ ಮೈಸೂರು. ನಾನೊಬ್ಬಳೇ ಹೊಸ ಮನೆಗೆ ಬಂದೆ. ನೀರು ಹಾಕುವವರಿಲ್ಲದ ಮೇಲೆ ಉದ್ದ ಕೂದಲನ್ನು ಸಂಭಾಳಿಸುವುದು ಕಷ್ಟವೆಂದು ಭುಜಕ್ಕೆ ಕತ್ತರಿಸಿಕೊಂಡೆ. ಕಾಲೇಜಿನಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು.

ಸೋಲಾರ್ ಅಂಗಡಿಗೆ ಹೋದಾಗ ಪರಿಸ್ಥಿತಿ ಹೀಗಿತ್ತು. ಅಂಗಡಿಯ ಯಜಮಾನರು ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಕೇಳಿದರು.

“ಮನೇಲಿ ಎಷ್ಟು ಜನ ಇದೀರಾ ಮೇಡಂ?”

“ಇಬ್ರು,” ಎಂದೆ. ನಾನು ಯೋಚಿಸಿ ಹೇಳಿದ ಸುಳ್ಳಲ್ಲ. ಇಷ್ಟು ವರ್ಷವೂ ಆ ಪ್ರಶ್ನೆಗೆ ಅದೇ ಉತ್ತರ ಕೊಟ್ಟ ಬಾಯಿ, ತಾನಾಗಿ ಹೇಳಿತು.

“ಇಬ್ರಿಗೆ ನೂರು ಲೀಟರ್ ಟ್ಯಾಂಕ್ ಸಾಕು ಬುಡಿ.”

ಅಲ್ಲಿಗೇ ಸುಮ್ಮನಾಗಬಹುದಿತ್ತು. ಅವರು ಸಾಕು ಎಂದದ್ದು ನನಗೆ ಹೇಗೋ ಆಯಿತು, ಅಕ್ಕನಿಗೆ ಜಾಗ ಕಡಿಮೆ ಮಾಡಿದ ಹಾಗೆ. “ಇಬ್ರಿಗೂ ಕೂದಲು ಬಹಳ ಉದ್ದ. ಇನ್ನೂರೇ ಹಾಕಿ,” ಎಂದೆ. ಅವರು ನನ್ನ ತಲೆಯ ಕಡೆ ಒಮ್ಮೆ ನೋಡಿ, ಇನ್ನೂರು ಎಂದು ಬರೆದುಕೊಂಡರು.

ಗಾಜಿನ ಟ್ಯೂಬುಗಳ ಸೋಲಾರ್ ಬಂತು. ಟೆರೇಸಿನಿಂದ ಬಚ್ಚಲಿನವರೆಗೆ ಉದ್ದ ಪೈಪು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಪೈಪಿನೊಳಗಿನ ತಣ್ಣೀರೆಲ್ಲ ಬಂದು, ಆಮೇಲೆ ಬಿಸಿನೀರು. ಆ ತಣ್ಣೀರನ್ನು ಗಿಡಕ್ಕೆ ಹಿಡಿದಿಡುತ್ತೇನೆ. ಕರೆಂಟಿನ ಬಿಲ್ಲು ನೋಡಿದರೆ ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನಿಸಬೇಕು, ಅಷ್ಟು ಕಡಿಮೆ. ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ, ಬೇಸಿಗೆಯ ಒಂದು ಮಧ್ಯಾಹ್ನ ಟೆರೇಸಿನ ಮೇಲೆ ಯಾರೋ ಗುಳುಗುಳು ಮಾಡಿದಂತೆ ಸದ್ದು. ಹತ್ತಿ ನೋಡಿದರೆ ಟ್ಯಾಂಕಿನ ಮೇಲಿನ ಕೊಳವೆಯಿಂದ ಹಬೆ ಬರುತ್ತಿದೆ. ಸಿಡಿದೇ ಹೋಗುತ್ತದೆಂದು ಹೆದರಿ ಅಂಗಡಿಗೆ ಫೋನ್ ಮಾಡಿದೆ.

“ಏನೂ ಆಗಲ್ಲ ಮೇಡಂ. ನೀರು ಖರ್ಚಾಗ್ತಿಲ್ಲ, ಅದಕ್ಕೆ ಕುದೀತಾ ಇದೆ. ಇಬ್ರೂ ಸ್ನಾನ ಮಾಡ್ತಿದೀರಾ ತಾನೇ?”

“ಮಾಡ್ತಿದೀವಿ,” ಎಂದೆ, ಬಹುವಚನದಲ್ಲಿ.

“ಹಂಗಾದ್ರೆ ಅರ್ಧ ಟ್ಯೂಬಿಗೆ ಗೋಣಿಚೀಲ ಹೊದಿಸ್ಬುಡಿ. ಬಿಸಿಲು ಬೀಳದೆ ಇದ್ರೆ ಕಾಯಲ್ಲ.”

ಗೋಣಿ ಹೊದಿಸಿ, ಹಗ್ಗ ಕಟ್ಟಿ, ಅಲ್ಲೇ ಟೆರೇಸಿನ ಗೋಡೆಯ ನೆರಳಲ್ಲಿ ಕೂತು ಅತ್ತೆ. ಅಳಲು ನಮ್ಮ ಬಡಾವಣೆ ಬಹಳ ಅನುಕೂಲ, ಯಾರೂ ಬಂದು ಏನಾಯಿತೆಂದು ಕೇಳುವುದಿಲ್ಲ. ನನಗೆ ಅಕ್ಕ ಬೇಕಿತ್ತು. ಈ ಒಂದು ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಅವಳ ಸಂತೋಷಕ್ಕೆ ಕಲ್ಲು ಹಾಕಿದಂತೆ ಎಂಬ ದೊಡ್ಡತನ ಸ್ವಲ್ಪ, ಬಿಟ್ಟುಹೋದವಳು ತಾನೇ ತಿಳಿದುಕೊಳ್ಳಲಿ ಎಂಬ ಸಣ್ಣತನ ಬಹಳ. ದಿನಾ ಬೆಳಿಗ್ಗೆ ‘ಚೆನ್ನಾಗಿದ್ದೀನಿ’ ಎಂದು ಮೆಸೇಜ್ ಹಾಕುತ್ತಿದ್ದೆ. ಅವಳೂ ಹಾಗೇ ಹಾಕುತ್ತಿದ್ದಳು. ಹೀಗೆ ಇಬ್ಬರೂ ಚೆನ್ನಾಗಿದ್ದುಕೊಂಡು ಮಾತೇ ನಿಂತುಹೋಗಿತ್ತು.

ಒಂದು ಭಾನುವಾರ ಪೂಜೆ ಮುಗಿಸಿ, ಮುಂಚೆ ತಿಳಿಸದೆ, ಅಕ್ಕ ಭಾವನ ಸ್ಕೂಟರಿನಲ್ಲಿ ಬಂದಿಳಿದಳು. ಭಾವ ಜಾಣರು, ಪಾರ್ಕ್ ನೋಡಿಕೊಂಡು ಬರುತ್ತೇನೆಂದು ಹೋದರು; ಅಲ್ಲಿ ನೋಡುವುದಕ್ಕಿರುವುದು ಬೋರ್ಡೊಂದೇ. ಅಕ್ಕ ಮನೆಯೆಲ್ಲ ಓಡಾಡಿ ಟೆರೇಸಿಗೂ ಬಂದಳು.

“ಇದೇನೇ ರೀಟಾ, ಸೋಲಾರಿಗೆ ಗೋಣಿ ಹೊದ್ಸಿದೀಯ? ಅದಕ್ಕೂ ಚಳೀನಾ?”

“ನೀರು ಖರ್ಚಾಗಲ್ಲ. ಕುದ್ದುಬುಡುತ್ತೆ.”

“ಎಷ್ಟು ಲೀಟರಿಂದು?”

“ಇನ್ನೂರು.”

“ಅಷ್ಟೊಂದು ಯಾರಿಗೆ?”

ನೆಂಟರು ಬಂದರೆ ಇರಲಿ ಅಂತ, ಎನ್ನುವ ಉತ್ತರ ಬಾಯಿಯಲ್ಲೇ ಇತ್ತು. “ನಿಂಗೆ,” ಎಂದುಬಿಟ್ಟೆ.

ಅಕ್ಕ ಅಲ್ಲಿ ಬಿದ್ದಿದ್ದ ಸಿಮೆಂಟ್ ಇಟ್ಟಿಗೆಯ ಮೇಲೆ ಕೂತಳು. “ನಾನು ವಾಪಸ್ ಬರಲ್ಲ ಕಣೇ. ನಂಗೆ ಅಲ್ಲಿ ಖುಷಿಯಾಗಿದೆ.”

“ಗೊತ್ತು.”

“ನನ್ನ ಮೇಲೆ ಕೋಪಾನಾ?”

“ಹೂಂ.”

“ಎಷ್ಟು?”

ಟ್ಯಾಂಕಿನ ಕಡೆ ಕೈ ತೋರಿಸಿದೆ. ಅಕ್ಕ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ದಿನಾ ಚೆನ್ನಾಗಿದೀನಿ ಅಂತ ಹಾಕ್ತಿದ್ಯಲ್ಲ, ನಾನು ಅದನ್ನೇ ನಂಬ್ಕೊಂಡು ಸುಮ್ನಿದ್ದೆ. ಇವಳಿಗೆ ನಾನು ಬೇಕಾಗೇ ಇಲ್ಲ ಅಂತ ನಂಗೂ ಬೇಜಾರಾಗ್ಬುಟ್ಟಿತ್ತು ಕಣೇ. ಇನ್ಮೇಲೆ ಚೆನ್ನಾಗಿದ್ರೆ ಏನೂ ಹಾಕ್ಬೇಡ. ಚೆನ್ನಾಗಿಲ್ದೆ ಇದ್ರೆ ಫೋನ್ ಮಾಡು.”

ಊಟ ಮಾಡಿಕೊಂಡು ಹೊರಟರು. ಸ್ಕೂಟರು ಕಮಾನು ದಾಟುವವರೆಗೆ ನಿಂತಿದ್ದು ಒಳಗೆ ಬಂದಾಗ ಮನೆ ಮುಂಚಿನಷ್ಟೇ ಖಾಲಿಯಾಗಿತ್ತು. ಅಕ್ಕನ ಕೋಣೆಯಲ್ಲಿ ಅಕ್ಕ ಇರುವುದಿಲ್ಲ ಎಂಬುದು ಈಗ ಅವಳೇ ಹೇಳಿ ಹೋದ ಮಾತಾದ್ದರಿಂದ, ನಾನು ಅದರ ಬಾಗಿಲು ತೆರೆದಿಟ್ಟು ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸಿದೆ.

ಮರುವಾರ ಮೋಡ ಕವಿಯಿತು. ಸೋಲಾರ್ ಕೊಂಡವರು ಆಕಾಶ ನೋಡುವ ರೀತಿಯೇ ಬೇರೆ. ನಾನೂ ನೋಡಿದೆ, ಉಪಯೋಗವಾಗಲಿಲ್ಲ. ಬೆಳಿಗ್ಗೆ ನಲ್ಲಿಯಿಂದ ತಣ್ಣೀರು ಬಂದು, ಆಮೇಲೆಯೂ ತಣ್ಣೀರೇ ಬಂತು. ಕರೆಂಟೂ ಇರಲಿಲ್ಲ. ನಡುಗುತ್ತಾ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡೇ ಅಕ್ಕನಿಗೆ ಫೋನ್ ಮಾಡಿದೆ. ಆಚೆ ಕಡೆ ದೋಸೆ ಹೆಂಚು ಚುರ್ ಎನ್ನುತ್ತಿತ್ತು, ಹಿಂದೆ ಭಾವ ಯಾವುದೋ ಕೀರ್ತನೆಯನ್ನು ತಮ್ಮದೇ ಶ್ರುತಿಯಲ್ಲಿ ಹಾಡುತ್ತಿದ್ದರು.

“ನೀರು ಕಾದಿಲ್ಲ ಕಣೇ,” ಎಂದೆ.

ಆ ವಿಷಯ ಅಷ್ಟಕ್ಕೇ ಮುಗಿಯಬೇಕಿತ್ತು, ತಣ್ಣೀರಿನ ಬಗ್ಗೆ ಹೇಳುವುದು ಇನ್ನೇನಿರುತ್ತದೆ? ಆದರೆ ನೀರಿನಿಂದ ಬೋರ್‌ವೆಲ್ಲಿಗೆ, ಬೋರ್‌ವೆಲ್ಲಿನಿಂದ ಗ್ಯಾಸಿನವರಿಗೆ, ಅಲ್ಲಿಂದ ಕಾಲೇಜಿನ ಹೊಸ ಪ್ರಿನ್ಸಿಪಾಲರಿಗೆ ಹೋದೆ. ಒಬ್ಬೊಬ್ಬರನ್ನೂ ದೂರಿದೆ. ದಿನಾ ಸುಡುಸುಡು ನೀರು ಬರುತ್ತಿದ್ದಾಗ ಅಕ್ಕನಿಗೆ ಹೇಳಲು ನನ್ನ ಬಳಿ ಒಂದು ಮಾತೂ ಇರಲಿಲ್ಲವಲ್ಲ ಅನ್ನಿಸಿತು. ಮಾತಾಡುತ್ತಾ ಮಾತಾಡುತ್ತಾ ತಲೆ ಅರ್ಧ ಒಣಗಿತು. ಕೊನೆಗೆ ನನ್ನ ದೂರುಗಳೆಲ್ಲ ಮುಗಿದವು.

ಅಕ್ಕ ದೋಸೆ ಮಗುಚಿ, “ಹೂಂ, ಆಮೇಲೆ?” ಎಂದಳು.