ಲಾಕಪ್ಪಿನ ಬಾಗಿಲಿಗೆ ಹಲಗೆ ಹೊಡೆದದ್ದು

ನಾನು ಬಾಬುರಾಯನಕೊಪ್ಪಲಿನ ಬಡಗಿಯ ಮಗ. ನಾಲ್ಕಕ್ಷರ ಕಲಿತಿದ್ದರಿಂದ ಉಳಿ, ಬಾಚಿ ಬಿಟ್ಟು ಶ್ರೀರಂಗಪಟ್ಟಣದ ಲಾಕಪ್ಪಿನಲ್ಲಿ ವಾರ್ಡರಾದೆ. ಅಲ್ಲಿ ಸಾಮಾನ್ಯವಾಗಿ ದನ ಕದ್ದವನೊಬ್ಬ, ಕುಡಿದು ಬಡಿದಾಡಿದವರು ಇಬ್ಬರು ಇರುತ್ತಿದ್ದರು. ಊಟ ಕೊಟ್ಟು ಬೀಗ ಹಾಕಿದರೆ ಕೆಲಸ ಮುಗಿಯಿತು.

ಸ್ವರಾಜ್ಯದ ಬಾವುಟ ಹಾರಿಸಿದವರನ್ನು ಊರೂರಿನಿಂದ ಹಿಡಿದು ತಂದ ಬೇಸಿಗೆಯಲ್ಲಿ ಆ ನೆಮ್ಮದಿ ಹೋಯಿತು. ಎಂಟು ಜನರ ಕೋಣೆಗೆ ಮೂವತ್ತು ಜನರನ್ನು ತುಂಬಿದೆವು. ಹೆಚ್ಚಿನವರು ತೊಣ್ಣೂರಿನ ಸುತ್ತಮುತ್ತಲ ರೈತರು. ಅಂಗಳಕ್ಕೆ ಬಿಟ್ಟರೆ ಬೀದಿಗೆ ಕೇಳುವಂತೆ ಘೋಷಣೆ ಕೂಗುತ್ತಾರೆಂದು ನಮ್ಮ ಜಮಾದಾರರು ಬಾಗಿಲು ತೆಗೆಯುವುದನ್ನೇ ನಿಲ್ಲಿಸಿಬಿಟ್ಟರು. ಎರಡು ದಿನ ಅವರು ಗಾಳಿಗಾಗಿ ಬೇಡಿದರು. ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಸೇರಿ ಬಾಗಿಲಿಗೆ ಹೆಗಲು ಕೊಟ್ಟರು. ಮೇಲಿನ ಹಲಗೆ ಮುರಿದು ಬಿತ್ತು. ಆ ಸಂದಿಯಿಂದ ಒಂದು ಕೈ ಚಿಲಕದತ್ತ ಬಂತು. ನಾನು ಲಾಠಿ ಬೀಸಿದೆ.

ಪೆಟ್ಟು ತಿಂದ ಕೈ ಒಳಕ್ಕೆ ಸರಿಯಿತು, ತಳ್ಳಾಟ ನಿಂತಿತು. ಆ ಕೈ ತೊಣ್ಣೂರಿನ ಒಬ್ಬ ಮುದುಕರದು.

"ಸಂಜೆ ಒಳಗೆ ಬಾಗ್ಲು ಸರಿಯಾಗ್ಬೇಕು. ಇಲ್ದಿದ್ರೆ ಅಷ್ಟೂ ಜನಕ್ಕೂ ಬೇಡಿ ಹಾಕಿಸ್ತೀನಿ," ಎಂದರು ಜಮಾದಾರರು. ಆಮೇಲೆ ನನ್ನತ್ತ ತಿರುಗಿ, "ನೀನು ಆಚಾರಿ ಮಗ ಅಲ್ವೇನ್ಲಾ? ನೀನೇ ಮಾಡು," ಎಂದರು.

ಮನೆಗೆ ಓಡಿ ಅಪ್ಪನ ಸಾಮಾನು, ಒಂದು ಹಲಗೆ ತಂದೆ. ಒಬ್ಬನೇ ಹಲಗೆ ಹಿಡಿದು ಮೊಳೆ ಹೊಡೆಯಲಾಗದೆ ಒದ್ದಾಡುತ್ತಿದ್ದಾಗ ಒಳಗಿನಿಂದ ಯಾರೋ ಹಲಗೆಯನ್ನು ಒತ್ತಿ ಹಿಡಿದರು. ನೋಡಿದರೆ ಅದೇ ಮುದುಕರು. ಎಡಗೈಗೆ ಪಂಚೆಯ ತುಂಡು ಸುತ್ತಿಕೊಂಡಿದ್ದರು.

"ನಾನ್ ಇಡ್ಕೊಂಡಿವ್ನಿ. ನೀ ಒಡಿ."

"ನಿಮ್ ಕೈ ಯಜಮಾನ್ರೇ..."

"ಇದು ಬಲಗೈ ಕಣ್ಲಾ. ಒಡಿ."

"ನಿಮ್ಮನ್ನ ಕೂಡಾಕೋ ಬಾಗ್ಲಿಗೆ ನೀವೇ ಕೈ ಕೊಡ್ತೀರಲ್ಲ?"

"ಬೇಡಿಗಿಂತ ಬಾಗ್ಲೇ ವಾಸಿ ಬುಡು," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮ್ಯಾಲೆ ಒಸಿ ಸಂದಿ ಬುಟ್ರೆ ಉಸಿರಾಡ್ಕೋತೀವಿ," ಎಂದರು.

ನಾನು ಮೊಳೆ ಕಿತ್ತು, ಹಲಗೆಯನ್ನು ಒಂದು ಗೇಣು ಕೊಯ್ದು ಮತ್ತೆ ಹೊಡೆದೆ. ಜಮಾದಾರರು ಬಂದು ನೋಡಿದರು.

"ಮರ ಸಾಲ್ದೋಯ್ತಾ?"

"ಸಾಲ್ಲಿಲ್ಲ ಸ್ವಾಮಿ."

ಕಾಲ ಬಳಿ ಬಿದ್ದಿದ್ದ ತುಂಡನ್ನು ಅವರೂ ಕಂಡರು. ಅದನ್ನು ಬೂಟಿನಿಂದ ಬದಿಗೆ ತಳ್ಳಿ ಹೋದರು. ಬೇಡಿಯ ಮಾತು ಮತ್ತೆ ಬರಲಿಲ್ಲ.

ನಾಲ್ಕು ದಿನದ ಮೇಲೆ ಅವರನ್ನೆಲ್ಲ ಲಾರಿಯಲ್ಲಿ ಮೈಸೂರಿಗೆ ಸಾಗಿಸಿದರು. ಮುದುಕರಿಗೆ ಎಡಗೈಯಿಂದ ಲಾರಿಯ ಅಂಚು ಹಿಡಿಯಲಾಗಲಿಲ್ಲ. ಇಬ್ಬರು ಎತ್ತಿ ಹತ್ತಿಸಿದರು. ನಾನು ಪಟ್ಟಿ ಹಿಡಿದು ಹೆಸರು ಕೂಗುತ್ತ ನಿಂತಿದ್ದೆ.

ಕಾಲ ಬದಲಾದ ಮೇಲೆ ಆ ಸಂದಿಯ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಒಳ್ಳೆಯವನೆನಿಸಿಕೊಂಡಿದ್ದೇನೆ. ಲಾಠಿ ಬೀಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಬೀಸು ಎಂದು ನನಗೆ ಯಾರೂ ಹೇಳಿರಲೂ ಇಲ್ಲ. ಆ ಮುದುಕರು ಬಿಡುಗಡೆಯಾಗಿ ಊರಿಗೆ ಬಂದರೆಂದು ಸಂತೆಯಲ್ಲಿ ಯಾರೋ ಅಂದರು. ತೊಣ್ಣೂರು ಎಷ್ಟು ದೂರ, ಹೊತ್ತಾರೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದು. ನಾನು ಹೋಗಲಿಲ್ಲ.