ಕೊರಳಲ್ಲಿ ಟೈಮರ್ ಕಟ್ಟಿಕೊಂಡ ಕೋಚ್

ನಮ್ಮ ಕೋಚ್ ಸಂಪತ್ ಸರ್ ಕೊರಳಲ್ಲಿ ಸೀಟಿ ಇರುತ್ತಿರಲಿಲ್ಲ. ಮೊಟ್ಟೆ ಬೇಯಿಸುವಾಗ ಒಲೆಯ ಪಕ್ಕ ಇಟ್ಟುಕೊಳ್ಳುವ ಬಿಳಿ ಟೈಮರ್ ಒಂದನ್ನು ಹಳೆಯ ಶೂ ಲೇಸಿಗೆ ಪೋಣಿಸಿ ನೇತುಹಾಕಿಕೊಂಡಿರುತ್ತಿದ್ದರು. ಪ್ರತಿ ಹಾಫ್‌ನಲ್ಲಿ ಇಪ್ಪತ್ತೈದು ನಿಮಿಷಕ್ಕೆ ಅದು ಕಿರುಚುತ್ತಿತ್ತು. ಕಿರುಚಿತೆಂದರೆ ಮುಗಿಯಿತು, ಬೆಂಚಿನ ಮೇಲಿದ್ದವರಲ್ಲಿ ಮೊದಲ ಹಾಫ್‌ಗೆ ಕೆಲವರು, ಎರಡನೆಯದಕ್ಕೆ ಉಳಿದವರು ಒಳಗೆ, ಆಡುತ್ತಿದ್ದವರಲ್ಲಿ ಅಷ್ಟೇ ಜನ ಹೊರಗೆ. ನೀವು ಆಗತಾನೇ ಗೋಲು ಹೊಡೆದು ಕುಣಿಯುತ್ತಿದ್ದರೂ ಅವರು ಕೇಳುತ್ತಿರಲಿಲ್ಲ.

ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿದ್ದ ನಮ್ಮದು ಎರಡು ಮಹಡಿಯ ಸಣ್ಣ ಕಾಲೇಜು. ಓದಲು ಬಂದವರೆಲ್ಲ ಹೊರದೇಶದವರು. ಇಂಥ ಕಾಲೇಜುಗಳದ್ದೇ ಒಂದು ಫುಟ್‌ಬಾಲ್ ಲೀಗ್ ಇತ್ತು, ಅದರಲ್ಲಿ ಸಿಡ್ನಿಯ ತಂಡಗಳೂ ಇದ್ದವು. ನಾವು ಯಾವಾಗಲೂ ತಳದಲ್ಲಿ. ಆ ವರ್ಷ ಕಾಲೇಜಿನವರು ಹೊಸ ಹೆಡ್ ಕೋಚ್ ಎಂದು ಇವರನ್ನು ಕರೆತಂದರು. ಹೆಸರಿಗೆ ಹೆಡ್ ಕೋಚ್, ಅವರ ಕೈಕೆಳಗೆ ಒಬ್ಬನೂ ಇರಲಿಲ್ಲ. ನೆಟ್ ಕಟ್ಟುವುದು, ಜೆರ್ಸಿ ಒಗೆಯುವುದು ಎಲ್ಲಾ ಅವರೇ. ಬೆಂಗಳೂರಿನ ಗೌತಮಪುರದವರು, ನಲವತ್ತೈದರ ಆಸುಪಾಸು. ಹಗಲು ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ, ಬೆನ್ನುನೋವಿಗೆಂದು ಸೊಂಟಕ್ಕೆ ಬಿಗಿದ ಬೆಲ್ಟ್ ಬಿಚ್ಚದೆ ನೇರ ಗ್ರೌಂಡಿಗೆ ಬರುತ್ತಿದ್ದರು.

ಮೊದಲ ನಾಲ್ಕರೊಳಗೆ ಬಂದರೆ ಅವರ ಕೆಲಸ ಪರ್ಮನೆಂಟ್, ಇಲ್ಲದಿದ್ದರೆ ಸೀಸನ್ನಿಗೇ ಮುಕ್ತಾಯ ಎಂದು ಕಾಲೇಜು ಹೇಳಿತ್ತು. ಇದನ್ನು ಅವರು ಮುಚ್ಚಿಡಲಿಲ್ಲ. ಮೊದಲ ದಿನವೇ ನಮ್ಮನ್ನು ಹುಲ್ಲಿನ ಮೇಲೆ ಕೂರಿಸಿ ಹೇಳಿದ್ದರು: "ಬೆನ್ನು ಹೋಗ್ತಾ ಇದೆ ಕಣ್ರೋ. ಇನ್ನು ನಾಲ್ಕು ವರ್ಷ ಫೋರ್ಕ್‌ಲಿಫ್ಟ್ ಓಡ್ಸಿದ್ರೆ ನೆಟ್ಟಗೆ ಕೂತ್ಕೊಳಕ್ಕೂ ಆಗಲ್ಲ. ಈ ಕೆಲ್ಸ ನಂಗೆ ಬೇಕು. ಆದ್ರೆ ಹದಿನಾರೂ ಜನ ಆಡೇ ಆಡ್ತೀರ, ಪ್ರತಿ ಮ್ಯಾಚು."

ನಾನು ಕ್ಯಾಪ್ಟನ್. ದಾವಣಗೆರೆಯಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿ ಬಂದವನೆಂಬ ಕೊಬ್ಬು ಮೈತುಂಬ ಇತ್ತು. ಎರಡನೇ ಹಾಫ್‌ನಲ್ಲಿ ಟೈಮರ್ ಕಿರುಚಿದಾಗ ನಾನು ಹೊರಗೆ ಬರಬೇಕು, ನನ್ನ ಜಾಗಕ್ಕೆ ಗಿರೀಶ ಹೋಗಬೇಕು. ಚಿತ್ರದುರ್ಗದ ಗಿರೀಶ ಒಳ್ಳೆಯವನು, ಚೆಂಡು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಅವನು ಓಡುವುದನ್ನು ಬೆಂಚಿನಿಂದ ನೋಡುತ್ತಾ ನಾನು ಹಲ್ಲು ಕಡಿಯುತ್ತಿದ್ದೆ. ಗೆಲ್ಲಬಹುದಾಗಿದ್ದ ಎರಡು ಮ್ಯಾಚು ಹಾಗೇ ಕೈತಪ್ಪಿದವು. ಒಮ್ಮೆ ತಡೆಯಲಾರದೆ ಜಗಳವಾಡಿದೆ. ಅವರು ಬಯ್ಯಲಿಲ್ಲ, ಕ್ರಮವನ್ನೂ ಬದಲಿಸಲಿಲ್ಲ.

ಅಷ್ಟಾದರೂ ಹೇಗೋ ಏದುಸಿರು ಬಿಡುತ್ತಾ ಐದನೇ ಸ್ಥಾನಕ್ಕೆ ಬಂದೆವು. ಕೊನೆಯ ಮ್ಯಾಚು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ. ಗೆದ್ದರೆ ನಾಲ್ಕನೆಯವರು. ಹಿಂದಿನ ದಿನ ವ್ಯಾನಿನಲ್ಲಿ ಹೊರಟಾಗ ದಾರಿಯುದ್ದಕ್ಕೂ ಸರ್ ತಮ್ಮ ಹುಡುಗತನದ ಕತೆ ಹೇಳಿದರು. ಗೌತಮಪುರದ ಕ್ಲಬ್ಬೊಂದರಲ್ಲಿ ಎರಡು ವರ್ಷ ರಿಸರ್ವ್ ಆಗಿದ್ದರಂತೆ. ಪ್ರತಿ ಭಾನುವಾರ ಶೂ ಕಟ್ಟಿಕೊಂಡು ಕೂರುವುದು, ಮ್ಯಾಚು ಮುಗಿದ ಮೇಲೆ ಬಿಚ್ಚುವುದು. ಒಂದು ದಿನವೂ ಕರೆಯಲಿಲ್ಲವಂತೆ. "ಮನೆಗೆ ಹೋದ್ರೆ ನಮ್ಮಮ್ಮ ಶೂ ತಿರುಗಿಸಿ ನೋಡೋಳು. ಮಣ್ಣೇ ಇರ್ತಿರ್ಲಿಲ್ಲ," ಎಂದರು. ನಾವು ನಕ್ಕೆವು, ಗಿರೀಶ ಮಾತ್ರ ನಗಲಿಲ್ಲ.

ಬ್ಲ್ಯಾಕ್‌ಟೌನ್‌ನಲ್ಲಿ ಗಿರೀಶನ ಅಕ್ಕನ ಮನೆ. ಅವರು ತಮ್ಮನ ಆಟ ನೋಡಲು ಮಗಳನ್ನು ಕರೆದುಕೊಂಡು, ನಮಗೆಲ್ಲ ಸಾಲುವಷ್ಟು ಪುಳಿಯೋಗರೆ ಹೊತ್ತು ತಂದಿದ್ದರು. ಹಾಫ್ ಟೈಮಿನಲ್ಲಿ ಒಂದೊಂದು ಗೋಲಿಗೆ ಸಮ. ಯಾರದೋ ಮಂಡಿಗೆ ಟೇಪು ಸುತ್ತುವಾಗ ಅಡ್ಡ ಬರುತ್ತದೆಂದು ಸರ್ ಟೈಮರನ್ನು ಕಳಚಿ ನನ್ನ ಕೈಗೆ ಕೊಟ್ಟರು. ಅದರ ಬೆನ್ನಿಗೆ ಶಬ್ದ ನಿಲ್ಲಿಸುವ ಸಣ್ಣ ಗುಂಡಿ ಇತ್ತು. ನಾನು ಅದನ್ನು ಸರಿಸಿ ವಾಪಸ್ ಕೊಟ್ಟೆ. ಅವರ ಕೆಲಸ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹೊರಗೆ ಬರಲು ಇಷ್ಟವಿರಲಿಲ್ಲ, ಅಷ್ಟೇ.

ಇಪ್ಪತ್ತೈದು ನಿಮಿಷ ದಾಟಿತು, ಟೈಮರ್ ಕೂಗಲಿಲ್ಲ. ಗಿರೀಶ ಶೂ ಕಟ್ಟಿಕೊಂಡು ಗೆರೆಯ ಹತ್ತಿರ ಬಂದು ನಿಂತಿದ್ದ. ಅವನ ಅಕ್ಕನ ಮಗಳು, ಐದು ವರ್ಷದ ಹುಡುಗಿ, "ವೆನ್ ಈಸ್ ಮಾಮಾ ಗೋಯಿಂಗ್ ಇನ್?" ಎಂದು ಅಮ್ಮನನ್ನು ಕೇಳುತ್ತಿದ್ದದ್ದು ಥ್ರೋ ಎಸೆಯಲು ಹೋದ ನನ್ನ ಕಿವಿಗೂ ಬಿತ್ತು. ಮುಗಿಯಲು ಐದಾರು ನಿಮಿಷ ಇದ್ದಾಗ ನಾನು ಗೋಲು ಹೊಡೆದೆ. ಆ ನಿಮಿಷ ಗಿರೀಶನದು.

ಗೆದ್ದೆವು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ಬಿಡಿಸಿಕೊಂಡು ಎದ್ದು ನೋಡಿದರೆ ಗಿರೀಶ ಬೆಂಚಿನ ಮೇಲೆ ಬಗ್ಗಿ ಲೇಸು ಬಿಚ್ಚುತ್ತಿದ್ದ, ಸಂಪತ್ ಸರ್ ಅವನನ್ನೇ ನೋಡುತ್ತಾ ನಿಂತಿದ್ದರು. ಅವನ ಅಕ್ಕ ಗೋಲು ಹೊಡೆದವನೆಂದು ನನ್ನ ತಟ್ಟೆಗೆ ಎರಡು ಸೌಟು ಜಾಸ್ತಿ ಬಡಿಸಿದರು. ನಾನು ಅದನ್ನು ತಿಂದೆ.

ಕಾಲೇಜು ಕೊಟ್ಟ ಮಾತಿನಂತೆ ನಡೆದುಕೊಂಡಿತು. ಪರ್ಮನೆಂಟ್ ಕೆಲಸದ ಕಾಗದ ಬಂತು. ಸರ್ ಸಹಿ ಹಾಕಲಿಲ್ಲ. ಜೆರ್ಸಿಗಳನ್ನು ಒಗೆದು, ಇಸ್ತ್ರಿ ಮಾಡಿ, ಆಫೀಸಿನಲ್ಲಿಟ್ಟು ಹೋದರಂತೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಗಿರೀಶನೂ ಮತ್ತೆ ಗ್ರೌಂಡಿಗೆ ಬರಲಿಲ್ಲ.

ಆಮೇಲೆ ಸರ್ ಸಿಕ್ಕಿದ್ದು ಒಂದೇ ಸಲ, ಕಳೆದ ವರ್ಷ, ಡ್ಯಾಂಡಿನಾಂಗ್ ಮಾರ್ಕೆಟ್ಟಿನಲ್ಲಿ. ಮೆಂತ್ಯ ಸೊಪ್ಪಿನ ಚೀಲ ಹಿಡಿದು ನಿಂತಿದ್ದರು. ಸೊಂಟಕ್ಕೆ ಅದೇ ಬೆಲ್ಟ್, ಬೆನ್ನು ಒಂದು ಪಕ್ಕಕ್ಕೆ ವಾಲಿತ್ತು. ನಾನು ಐಟಿ ಕೆಲಸ, ಇಲ್ಲೇ ನೆಲೆಸಲು ಪಿಆರ್, ಟ್ರುಗನಿನಾದಲ್ಲಿ ಮನೆ, ಅದರ ಸಾಲ ಎಂದು ಒಂದೇ ಉಸಿರಿನಲ್ಲಿ ಒದರಿದೆ. ಅವರು ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಮಾತು ಮುಗಿದ ಮೇಲೆ ಇನ್ನೇನು ಮಾಡಲೂ ತೋಚದೆ, "ಸರ್, ಅವತ್ತು ಬ್ಲ್ಯಾಕ್‌ಟೌನಲ್ಲಿ ಆ ಟೈಮರ್..." ಎಂದು ಶುರುಮಾಡಿದೆ.

"ಸೌಂಡ್ ನೀನು ಆಫ್ ಮಾಡಿದ್ದೆ, ಗೊತ್ತು," ಎಂದರು. "ಸೊನ್ನೆ ಆಗಿದ್ದನ್ನ ನಾನು ಕಣ್ಣಾರೆ ನೋಡ್ದೆ ಕಣೋ. ನೋಡಿ, ಎತ್ತಿ ಶರ್ಟ್ ಒಳಗಡೆ ಹಾಕ್ಕೊಂಡೆ."

ಕಾರಿನಲ್ಲಿ ಮನೆಗೆ ಬಿಡುತ್ತೇನೆ ಎಂದಿದ್ದಕ್ಕೆ ಬಸ್ಸು ಬರುತ್ತದೆ ಎಂದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತು, "ಗಿರೀಶನ ನಂಬರ್ ಇದ್ಯಾ ನಿನ್ನ ಹತ್ರ?" ಎಂದು ಕೇಳಿದರು.

ಇಲ್ಲ ಎಂದೆ. ಅದು ಇವತ್ತಿಗೂ ನನ್ನ ಫೋನಿನಲ್ಲಿದೆ.